ಓಡುವ ಹಡಗಿನಿಂದ ಓಡುವ ಹಡಗಿಗೆ: ಫಿರಂಗಿಯ ಹಿಂದಿದ್ದ ಲೆಕ್ಕ

ಪ್ರಶ್ನೆ: ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿ. ಮೊದಲ ಮಹಾಯುದ್ಧದ ಯುದ್ಧನೌಕೆಗಳು 12–15 ಕಿಲೋಮೀಟರ್ ದೂರದ ಹಡಗಿಗೆ ಗುಂಡು ಹೊಡೆಯುತ್ತಿದ್ದವು ಅಂತ ಓದಿದೆ. ಆಗ ರೇಡಾರ್ ಇಲ್ಲ, ಕಂಪ್ಯೂಟರ್ ಇಲ್ಲ. ಹಡಗು ಬೇರೆ ಓಲಾಡುತ್ತಿರುತ್ತದೆ. ಅದು ಹೇಗೆ ಸಾಧ್ಯವಾಯಿತು? ಪೋಲೆನ್ ಅನ್ನುವವರು ಆಗಲೇ ಕಂಪ್ಯೂಟರ್ ಮಾಡಿಕೊಟ್ಟಿದ್ದರಂತೆ, ಬ್ರಿಟಿಷ್ ನೌಕಾಪಡೆ ಬೇಡ ಅಂದಿತಂತೆ, ಅದಕ್ಕೇ ಜಟ್‌ಲ್ಯಾಂಡ್‌ನಲ್ಲಿ ಏಟು ತಿಂದಿತಂತೆ. ನಿಜವಾ? ಫಾಕ್‌ಲ್ಯಾಂಡ್ ಕಾಳಗದಲ್ಲಿ ಭೂಮಿ ತಿರುಗುವ ಲೆಕ್ಕ ತಪ್ಪಿ ಗುಂಡುಗಳೆಲ್ಲ ಪಕ್ಕಕ್ಕೆ ಬಿದ್ದವು ಅಂತಲೂ ಹೇಳುತ್ತಾರೆ. ಅದೂ ನಿಜವಾ?

ಉತ್ತರ: ಮೂರು ಪ್ರಶ್ನೆಗಳನ್ನು ಒಟ್ಟಿಗೇ ಕೇಳಿದ್ದೀರಿ. ಮೊದಲನೆಯದಕ್ಕೆ ಚಿಕ್ಕ ಉತ್ತರ ಇಷ್ಟು: ಅವರು ಹೊಡೆಯುತ್ತಿದ್ದುದು ನಿಜ, ಆದರೆ ತಾಗುತ್ತಿದ್ದುದು ಬಹಳ ಕಮ್ಮಿ. 1916ರಲ್ಲಿ ಬ್ರಿಟಿಷ್ ಮತ್ತು ಜರ್ಮನ್ ನೌಕಾಪಡೆಗಳು ಕಾದಾಡಿದ ಜಟ್‌ಲ್ಯಾಂಡ್‌ನಲ್ಲಿ ಎರಡೂ ಕಡೆಯವರು ಹಾರಿಸಿದ ದೊಡ್ಡ ಗುಂಡುಗಳಲ್ಲಿ ನೂರಕ್ಕೆ ಎರಡೋ ಮೂರೋ ತಾಗಿದವು. ಇದನ್ನು ಕೇಳಿ ನಗಬೇಡಿ. ಆ ಎರಡು ಮೂರನ್ನು ತಾಗಿಸಲು ಹದಿನೈದು ವರ್ಷ ತಲೆ ಕೆಡಿಸಿಕೊಂಡ ಜನರ ಕಥೆ ಇದು.

ಹಿಂದಿನ ಸ್ಥಿತಿ ಹೇಗಿತ್ತು ನೋಡಿ. 1898ರಲ್ಲಿ ಕ್ಯೂಬಾದ ಸ್ಯಾಂಟಿಯಾಗೋ ಹತ್ತಿರ ಅಮೆರಿಕದ ಹಡಗುಗಳು ಸ್ಪೇನಿನ ಹಡಗುಗಳನ್ನು ಅಟ್ಟಿಸಿಕೊಂಡು ಹೋಗಿ ಹೊಡೆದವು. ಒಂಬತ್ತು ಸಾವಿರಕ್ಕೂ ಜಾಸ್ತಿ ಗುಂಡು ಖರ್ಚಾಯಿತು. ತಾಗಿದ್ದು ಸುಮಾರು 120. ಅದೂ ಒಂದೆರಡು ಕಿಲೋಮೀಟರ್ ದೂರದಿಂದ. ಗೆದ್ದ ಸಂಭ್ರಮದಲ್ಲಿ ಈ ಲೆಕ್ಕ ಯಾರಿಗೂ ಬೇಕಾಗಿರಲಿಲ್ಲ. ಆದರೆ ವಿಲಿಯಂ ಸಿಮ್ಸ್ ಎಂಬ ಕಿರಿಯ ಅಧಿಕಾರಿ ಮೇಲಿನವರನ್ನೆಲ್ಲ ದಾಟಿ 1901ರಲ್ಲಿ ನೇರವಾಗಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅವರಿಗೇ ಪತ್ರ ಬರೆದ: ನಮ್ಮವರಿಗೆ ಗುರಿ ಇಡಲು ಬರುವುದಿಲ್ಲ, ಬ್ರಿಟಿಷರಲ್ಲಿ ಒಬ್ಬ ಕಲಿಸುತ್ತಿದ್ದಾನೆ, ಅವನನ್ನು ನೋಡಿ ಕಲಿಯೋಣ ಅಂತ.

ಆ ಒಬ್ಬ ಪರ್ಸಿ ಸ್ಕಾಟ್. ಹಳೆಯ ಪದ್ಧತಿಯಲ್ಲಿ ಗುರಿಕಾರ ಫಿರಂಗಿಯನ್ನು ಒಂದು ಎತ್ತರಕ್ಕೆ ನಿಲ್ಲಿಸಿ, ಹಡಗು ಓಲಾಡುತ್ತಾ ಗುರಿ ಕಣ್ಣೆದುರು ಬರುವವರೆಗೆ ಕಾದು, ಬಂದ ಕ್ಷಣ ಎಳೆಯುತ್ತಿದ್ದ. ಕಣ್ಣು ನೋಡಿ, ಕೈ ಎಳೆದು, ಮದ್ದು ಹೊತ್ತಿ, ಗುಂಡು ಹೊರಗೆ ಬೀಳುವ ಹೊತ್ತಿಗೆ ಹಡಗು ಇನ್ನಷ್ಟು ವಾಲಿರುತ್ತಿತ್ತು. ಸ್ಕಾಟ್ ತನ್ನ 'ಸಿಲ್ಲಾ' ಹಡಗಿನಲ್ಲಿ ಒಬ್ಬನೇ ಒಬ್ಬ ಗುರಿಕಾರ ಬೇರೆಯವರಿಗಿಂತ ಚೆನ್ನಾಗಿ ಹೊಡೆಯುವುದನ್ನು ಗಮನಿಸಿದ. ಹತ್ತಿರ ಹೋಗಿ ನೋಡಿದರೆ, ಆತ ಕಾಯುತ್ತಲೇ ಇರಲಿಲ್ಲ. ಹಡಗು ಮೇಲೆದ್ದರೆ ಚಕ್ರ ತಿರುಗಿಸಿ ಫಿರಂಗಿಯನ್ನು ಇಳಿಸುತ್ತಿದ್ದ, ಹಡಗು ಇಳಿದರೆ ಏರಿಸುತ್ತಿದ್ದ. ಗುರಿ ಸದಾ ಕಣ್ಣಲ್ಲೇ ಇರುತ್ತಿತ್ತು.

ಸ್ಕಾಟ್ ಇದನ್ನೇ ಎಲ್ಲರಿಗೂ ಕಲಿಸಲು ಹೊರಟ. ಚಕ್ರದ ಹಲ್ಲುಗಳ ಅನುಪಾತ ಬದಲಿಸಿ ಹಗುರ ಮಾಡಿಸಿದ. ಒಳ್ಳೆಯ ದುರ್ಬೀನು ಹಾಕಿಸಿದ. ಬಂದರಿನಲ್ಲಿ ನಿಂತಿರುವಾಗಲೂ ಅಭ್ಯಾಸ ಆಗಲಿ ಅಂತ ಒಂದು ಸಾಧನ ಮಾಡಿಸಿದ. ಫಿರಂಗಿಯ ಮುಂದೆ ಒಂದು ಚಿಕ್ಕ ಗುರಿ ಮೇಲೆ ಕೆಳಗೆ ಆಡುತ್ತದೆ. ಗುರಿಕಾರ ಅದನ್ನು ಹಿಂಬಾಲಿಸುತ್ತಾ ಕುದುರೆ (ಟ್ರಿಗರ್) ಎಳೆದರೆ ಗುಂಡಿನ ಬದಲು ಪೆನ್ಸಿಲ್ ಕಾಗದದ ಮೇಲೆ ಚುಕ್ಕೆ ಇಡುತ್ತದೆ. ಒಂದು ಗುಂಡೂ ಖರ್ಚಿಲ್ಲ. 1899ರ ಸ್ಪರ್ಧೆಯಲ್ಲಿ ಸಿಲ್ಲಾ 70 ಗುಂಡು ಹಾರಿಸಿ 56 ತಾಗಿಸಿತು. ಉಳಿದ ಹಡಗುಗಳಲ್ಲಿ ಮೂರಕ್ಕೆ ಒಂದು ತಾಗಿದರೇ ದೊಡ್ಡದು. ಬಹಳ ಜನ ನಂಬಲೇ ಇಲ್ಲ.

ಇಲ್ಲಿಗೆ ಕಥೆ ಮುಗಿಯಬೇಕಿತ್ತು ಅನ್ನಿಸುತ್ತದೆ, ಅಲ್ವಾ? ಕಷ್ಟ ಶುರುವಾದದ್ದೇ ಇಲ್ಲಿಂದ. ಸ್ಕಾಟ್‌ನ ಗುರಿ ನಿಂತಿರುತ್ತಿತ್ತು, ದೂರ ಒಂದೂವರೆ ಕಿಲೋಮೀಟರಿಗಿಂತ ಕಮ್ಮಿ. ಅಷ್ಟು ಹತ್ತಿರದಲ್ಲಿ ಗುಂಡು ನೆಟ್ಟಗೆ ಹೋಗುತ್ತದೆ. ದೂರದ ಅಂದಾಜು ನೂರಿನ್ನೂರು ಮೀಟರ್ ತಪ್ಪಿದರೂ ಹಡಗಿನ ಯಾವುದಾದರೂ ಭಾಗಕ್ಕೆ ತಾಗುತ್ತದೆ. 10 ಕಿಲೋಮೀಟರಿನಲ್ಲಿ ಹಾಗಲ್ಲ. ಗುಂಡು ಮೇಲಿಂದ ಇಳಿದು ಬರುತ್ತದೆ. ಹತ್ತು ಡಿಗ್ರಿ ಇಳಿಜಾರಿನಲ್ಲಿ ಬಂತು ಅಂದುಕೊಳ್ಳಿ, ಹಡಗು ನೀರಿನ ಮೇಲೆ 9 ಮೀಟರ್ ಎತ್ತರ ಇದೆ ಅಂದುಕೊಳ್ಳಿ. ನೀವು ದೂರವನ್ನು ಸುಮಾರು 50 ಮೀಟರ್ ಒಳಗೆ ಸರಿಯಾಗಿ ಹೇಳಿದರಷ್ಟೇ ತಾಗುತ್ತದೆ. ಹತ್ತು ಸಾವಿರದಲ್ಲಿ ಐವತ್ತು.

ಮತ್ತೆ ಯಾಕೆ ಅಷ್ಟು ದೂರದಿಂದ ಹೊಡೆಯಬೇಕು? ಹತ್ತಿರ ಹೋದರೆ ಟಾರ್ಪಿಡೋ. 1900ರ ಸುಮಾರಿಗೆ ಒಂದೆರಡು ಕಿಲೋಮೀಟರ್ ಹೋಗುತ್ತಿದ್ದ ಟಾರ್ಪಿಡೋ, 1914ರ ಹೊತ್ತಿಗೆ ಒಂಬತ್ತು ಕಿಲೋಮೀಟರ್ ದಾಟುವಂತಾಯಿತು. 1904–05ರ ರಷ್ಯಾ–ಜಪಾನ್ ಯುದ್ಧವೂ ಕಣ್ಣು ತೆರೆಸಿತು. ಹಳದಿ ಸಮುದ್ರದ ಕಾಳಗದಲ್ಲಿ ಹತ್ತು ಕಿಲೋಮೀಟರಿಗಿಂತ ದೂರದಿಂದಲೂ ಗುಂಡುಗಳು ಬಂದು ಬಿದ್ದವು. 1906ರ 'ಡ್ರೆಡ್‌ನಾಟ್' ಹಡಗಿನಲ್ಲಿ ಹತ್ತು ಫಿರಂಗಿಗಳೂ ಒಂದೇ ಅಳತೆಯವು, ನಳಿಗೆಯ ಬಾಯಿ 12 ಇಂಚು. ಎಲ್ಲ ಒಂದೇ ಅಳತೆ ಆದರೆ ಗುಂಡು ಬಿದ್ದಾಗ ಏಳುವ ನೀರಿನ ಕಂಬಗಳನ್ನು ನೋಡಿ ಮುಂದಿನ ಗುಂಡನ್ನು ತಿದ್ದಬಹುದು. 12 ಇಂಚಿನದೂ 9 ಇಂಚಿನದೂ ಕಲಸಿ ಬಿದ್ದರೆ ಯಾವ ಕಂಬ ಯಾವುದರದು ಅಂತ ಗೊತ್ತಾಗುವುದಿಲ್ಲ.

ಈಗ ನಿಮ್ಮ ಪ್ರಶ್ನೆಯ ಹೊಟ್ಟೆಗೆ ಬರೋಣ. ಓದುಗರಿಗೆ ಸಾಮಾನ್ಯವಾಗಿ ಬರುವ ಯೋಚನೆ: ದೂರ ಅಳೆದರೆ ಸಾಕು, ಫಿರಂಗಿಯನ್ನು ಅಷ್ಟಕ್ಕೆ ಎತ್ತಿ ಹೊಡೆದರಾಯಿತು. ಆದರೆ ದೂರ ಎಂಬುದು ಒಂದು ಸಂಖ್ಯೆ ಅಲ್ಲ, ಓಡುವ ಸಂಖ್ಯೆ. ನೀವು ಅಳೆದಾಗ ಒಂದು ದೂರ. ಅದನ್ನು ಕೂಗಿ ಹೇಳಿ, ಫಿರಂಗಿ ತಿರುಗಿಸಿ, ಹಾರಿಸುವ ಹೊತ್ತಿಗೆ ಇನ್ನೊಂದು. ಗುಂಡು 12 ಕಿಲೋಮೀಟರ್ ಹೋಗಲು ಹೆಚ್ಚುಕಮ್ಮಿ 25 ಸೆಕೆಂಡ್ ಬೇಕು. ಅದು ಹೋಗಿ ಬೀಳುವ ಹೊತ್ತಿಗೆ ಮೂರನೆಯ ದೂರ. 20 ನಾಟ್ (ಗಂಟೆಗೆ ಸುಮಾರು 37 ಕಿಲೋಮೀಟರ್) ವೇಗದ ಹಡಗು 25 ಸೆಕೆಂಡಿನಲ್ಲಿ 250 ಮೀಟರ್ ಮುಂದೆ ಹೋಗಿರುತ್ತದೆ, ತನ್ನ ಉದ್ದಕ್ಕಿಂತ ಜಾಸ್ತಿ. ಓಡುವ ಬಸ್ಸಿನ ಕಿಟಕಿಯಿಂದ ಇನ್ನೊಂದು ರಸ್ತೆಯಲ್ಲಿ ಓಡುವ ಬಸ್ಸಿನ ಒಳಕ್ಕೆ ಚೆಂಡು ಎಸೆದಂತೆ.

ಒಂದು ಉದಾಹರಣೆ ಮಾಡೋಣ, ನೀವು ಎಂಜಿನಿಯರಿಂಗ್‌ನವರು. ನಮ್ಮ ಹಡಗು ಉತ್ತರಕ್ಕೆ 20 ನಾಟ್. ಶತ್ರು ನಮಗೆ ಈಶಾನ್ಯದಲ್ಲಿ, ಅವನೂ ಉತ್ತರಕ್ಕೆ 20 ನಾಟ್. ಇಬ್ಬರೂ ಜೊತೆಜೊತೆಗೆ ಹೋಗುತ್ತಿದ್ದಾರೆ. ದೂರ ಬದಲಾಗುವುದೇ ಇಲ್ಲ, ಬದಲಾವಣೆಯ ವೇಗ ಸೊನ್ನೆ. ಈಗ ಅವನು ಪಶ್ಚಿಮಕ್ಕೆ ತಿರುಗಿದ ಅಂದುಕೊಳ್ಳಿ, ಅದೇ ವೇಗ. ನೋಟದ ಗೆರೆಯ ಮೇಲೆ ನಮ್ಮ ವೇಗದ ಪಾಲು 14 ನಾಟ್, ಅವನದೂ 14 ನಾಟ್, ಎರಡೂ ಒಂದರ ಕಡೆಗೊಂದು. ಒಟ್ಟು 28 ನಾಟ್. ಅಂದರೆ ದೂರ ನಿಮಿಷಕ್ಕೆ ಸುಮಾರು 870 ಮೀಟರ್ ಕಮ್ಮಿಯಾಗುತ್ತಿದೆ. ಒಂದೇ ತಿರುವು, ಸೊನ್ನೆಯಿಂದ 870. ಅರ್ಧ ನಿಮಿಷ ಹಳೆಯದಾದ ದೂರ ಇಟ್ಟುಕೊಂಡು ಹೊಡೆದರೆ ಗುಂಡು ಅವನ ತಲೆ ಮೇಲೆ ಹಾರಿ 400 ಮೀಟರ್ ಆಚೆ ಬೀಳುತ್ತದೆ.

ಇನ್ನೂ ಒಂದು ಕೊಕ್ಕೆ ಇದೆ. ಇಬ್ಬರೂ ನೆಟ್ಟಗೆ ಹೋಗುತ್ತಿದ್ದರೂ ಅವನು ಕಾಣುವ ದಿಕ್ಕು ಬದಲಾಗುತ್ತಾ ಹೋಗುತ್ತದೆ. ದಿಕ್ಕು ಬದಲಾದರೆ ನೋಟದ ಗೆರೆಯ ಮೇಲಿನ ವೇಗದ ಪಾಲೂ ಬದಲಾಗುತ್ತದೆ. ಹಾಗಾಗಿ ಬದಲಾವಣೆಯ ವೇಗವೇ ಬದಲಾಗುತ್ತಿರುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಪೋಲೆನ್ ಜಗಳ ಪೂರ್ತಿ ಇದರ ಮೇಲೇ ನಿಂತಿದೆ.

ಇದನ್ನು ಬಿಡಿಸಲು ಮೊದಲು ಬಂದ ಸಾಧನ ನನಗೆ ತುಂಬಾ ಇಷ್ಟವಾದದ್ದು. ಜಾನ್ ಸೌಮರೆಜ್ ಡ್ಯುಮರೆಸ್ಕ್ ಎಂಬ ಅಧಿಕಾರಿ, ಸಿಡ್ನಿಯಲ್ಲಿ ಹುಟ್ಟಿದವನು, 1902ರ ಸುಮಾರಿಗೆ ಮಾಡಿದ. ಸಾಧನಕ್ಕೂ ಅವನ ಹೆಸರೇ ಉಳಿಯಿತು. ಒಂದು ದುಂಡನೆಯ ಚೌಕಟ್ಟು, ಅದರ ಮೇಲೆ ಹಡಗಿನ ಉದ್ದಕ್ಕೆ ಸರಿಯಾಗಿ ಜೋಡಿಸಿದ ಒಂದು ಪಟ್ಟಿ. ಅದು ನಮ್ಮ ಹಡಗು. ಅದರ ಮೇಲೆ ನಮ್ಮ ವೇಗವನ್ನು ಗುರುತು ಹಾಕಿ ಒಂದು ತುಣುಕನ್ನು ಸರಿಸಿ ನಿಲ್ಲಿಸುತ್ತಾರೆ. ಆ ತುಣುಕಿಗೆ ನೇತಾಡುವ ಇನ್ನೊಂದು ಪಟ್ಟಿ ಶತ್ರು. ಅದನ್ನು ಅವನು ಹೋಗುವ ದಿಕ್ಕಿಗೆ ತಿರುಗಿಸಿ, ಅವನ ವೇಗಕ್ಕೆ ತಕ್ಕಂತೆ ಮುಳ್ಳನ್ನು ಸರಿಸುತ್ತಾರೆ. ಕೆಳಗೆ ಚೌಕಳಿ ಗೆರೆ ಎಳೆದ ಒಂದು ತಟ್ಟೆ. ಅದನ್ನು ಶತ್ರು ಕಾಣುವ ದಿಕ್ಕಿಗೆ ತಿರುಗಿಸಿದರೆ ಮುಗಿಯಿತು. ಮುಳ್ಳು ಯಾವ ಚೌಕದ ಮೇಲೆ ನಿಂತಿದೆ ಅಂತ ನೋಡಿ ಎರಡು ಸಂಖ್ಯೆ ಓದಬಹುದು. ಒಂದು, ದೂರ ನಿಮಿಷಕ್ಕೆ ಎಷ್ಟು ಗಜ ಬದಲಾಗುತ್ತಿದೆ. ಇನ್ನೊಂದು, ಶತ್ರು ಅಡ್ಡಡ್ಡಲಾಗಿ ಎಷ್ಟು ಸರಿಯುತ್ತಿದ್ದಾನೆ, ಅಂದರೆ ಅವನಿಗಿಂತ ಎಷ್ಟು ಮುಂದಕ್ಕೆ ಗುರಿ ಇಡಬೇಕು.

ನೀವು ಕಾಲೇಜಿನಲ್ಲಿ ಮಾಡುವ ವೆಕ್ಟರ್ ಕಳೆಯುವ ಲೆಕ್ಕವೇ ಇದು. ಕಾಗದ ಇಲ್ಲ, ಸೈನ್ ಕೊಸೈನ್ ಕೋಷ್ಟಕ ಇಲ್ಲ. ಹಿತ್ತಾಳೆ ಪಟ್ಟಿಗಳೇ ಲೆಕ್ಕ ಮಾಡುತ್ತವೆ. ಒಂದೇ ತೊಂದರೆ, ಶತ್ರುವಿನ ದಿಕ್ಕು ಮತ್ತು ವೇಗ ಯಾರು ಹೇಳಬೇಕು? ಹಡಗಿನ ಎತ್ತರದ ಕಂಬದ ಮೇಲೆ ಕೂತ ಅಧಿಕಾರಿ ಕಣ್ಣಳತೆಯಲ್ಲಿ ಹೇಳುತ್ತಿದ್ದ. ಹಡಗು ಎಷ್ಟು ಉದ್ದ ಕಾಣುತ್ತಿದೆ, ಮೂತಿಯ ಮುಂದೆ ನೀರು ಎಷ್ಟು ಏಳುತ್ತಿದೆ, ಎರಡು ಕಂಬಗಳ ನಡುವಿನ ಸಂದು ಎಷ್ಟಿದೆ ಅಂತ ನೋಡಿ ಅಂದಾಜು. ಅಂದಾಜು ತಪ್ಪಿದರೆ ಉತ್ತರವೂ ತಪ್ಪು.

ಸಿಕ್ಕ ವೇಗವನ್ನು ವಿಕರ್ಸ್ ಗಡಿಯಾರಕ್ಕೆ ಕೊಡುತ್ತಿದ್ದರು. ಅದಕ್ಕೆ ಒಂದೇ ಮುಳ್ಳು. ಗಂಟೆಗಳ ಬದಲು ಗಜಗಳನ್ನು ಬರೆದಿರುತ್ತಾರೆ. ಡ್ಯುಮರೆಸ್ಕ್ ನಿಮಿಷಕ್ಕೆ 400 ಗಜ ಕಮ್ಮಿ ಅಂದರೆ ಮುಳ್ಳು ಆ ವೇಗದಲ್ಲೇ ಹಿಂದಕ್ಕೆ ನಡೆಯುವಂತೆ ಹಿಡಿ ತಿರುಗಿಸುವುದು. ಶತ್ರು ಹೊಗೆಯಲ್ಲಿ ಮರೆಯಾದರೂ ಗಡಿಯಾರ ಈ ಕ್ಷಣದ ದೂರ ಹೇಳುತ್ತಲೇ ಇರುತ್ತದೆ. ಆದರೆ ಬದಲಾವಣೆಯ ವೇಗ ಬದಲಾದಾಗಲೆಲ್ಲ ಯಾರಾದರೂ ಮತ್ತೆ ಹಿಡಿ ತಿರುಗಿಸಬೇಕು.

ದೂರ ಅಳೆಯುವ ಯಂತ್ರ ಬಾರ್ ಅಂಡ್ ಸ್ಟ್ರೌಡ್‌ನವರದು. ಇಬ್ಬರೂ ಪ್ರಾಧ್ಯಾಪಕರು, ಒಬ್ಬ ಎಂಜಿನಿಯರಿಂಗ್, ಇನ್ನೊಬ್ಬ ಭೌತವಿಜ್ಞಾನ. ಒಂದು ಉದ್ದ ಕೊಳವೆ, ಎರಡು ತುದಿಗಳಿಂದ ಬರುವ ಎರಡು ಚಿತ್ರ, ಅವು ಒಂದಕ್ಕೊಂದು ಕೂಡುವಂತೆ ತಿರುಗಿಸಿದರೆ ದೂರ ಗೊತ್ತಾಗುತ್ತದೆ. ಮೊದಲು ನಾಲ್ಕೂವರೆ ಅಡಿ, ಆಮೇಲೆ 9 ಅಡಿ, 'ಕ್ವೀನ್ ಎಲಿಜಬೆತ್' ಜಾತಿಯ ಹಡಗುಗಳಿಗೆ 15 ಅಡಿ. ಇದರ ಗುಣವೇ ಹಾಗೆ: ದೂರ ಎರಡರಷ್ಟಾದರೆ ತಪ್ಪು ನಾಲ್ಕರಷ್ಟಾಗುತ್ತದೆ. ಜರ್ಮನರು ಝೈಸ್‌ನವರ ಬೇರೆ ವಿಧದ ಯಂತ್ರ ಇಟ್ಟುಕೊಂಡಿದ್ದರು. ಎರಡೂ ಕಣ್ಣಿನಿಂದ ಆಳ ನೋಡುವ ತತ್ವ. ಅದನ್ನು ಬಳಸಲು ಒಳ್ಳೆಯ ಕಣ್ಣಿನವರನ್ನೇ ಹುಡುಕಿ ಆರಿಸಬೇಕಿತ್ತು, ದಣಿದರೆ ಕೆಡುತ್ತಿತ್ತು. ಆದರೆ ಹೊಗೆ ಮಂಜಿನಲ್ಲಿ ಮಸುಕಾಗಿ ಕಾಣುವ ಹಡಗಿಗೆ ಅದೇ ವಾಸಿ.

ಈಗ ಪೋಲೆನ್. ಆರ್ಥರ್ ಹಂಗರ್‌ಫೋರ್ಡ್ ಪೋಲೆನ್ ನೌಕಾಪಡೆಯವನಲ್ಲ. ಅಚ್ಚಿನ ಮೊಳೆ ಜೋಡಿಸುವ ಲೈನೋಟೈಪ್ ಯಂತ್ರದ ಕಂಪನಿ ನಡೆಸುತ್ತಿದ್ದವನು. 1900ರಲ್ಲಿ ಮಾಲ್ಟಾ ಹತ್ತಿರ ಹಡಗಿನ ಫಿರಂಗಿ ಅಭ್ಯಾಸ ನೋಡಿದ. ಹೊಡೆಯುತ್ತಿದ್ದ ದೂರ ಸುಮಾರು 1,400 ಗಜ. ಅದೇ ಹೊತ್ತಿನಲ್ಲಿ ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ, ಹಡಗಿನಿಂದ ಇಳಿಸಿ ನೆಲದ ಮೇಲೆ ನಿಲ್ಲಿಸಿದ ಅದೇ ತರಹದ ಫಿರಂಗಿಗಳು ಅದರ ಎಷ್ಟೋ ಪಟ್ಟು ದೂರಕ್ಕೆ ಹೊಡೆಯುತ್ತಿದ್ದವು. (ಆ ಫಿರಂಗಿಗಳಿಗೆ ಗಾಡಿ ಕಟ್ಟಿಸಿದವನು ನಮ್ಮ ಪರ್ಸಿ ಸ್ಕಾಟೇ.) ಫಿರಂಗಿಗೆ ತಾಕತ್ತಿದೆ, ಸಮುದ್ರದ ಮೇಲೆ ಯಾಕೆ ಆಗುವುದಿಲ್ಲ? ಪೋಲೆನ್‌ಗೆ ಅದೇ ಹುಳು ಹೊಕ್ಕಿತು. ಹೊರಗಿನವನಾದ್ದರಿಂದಲೇ ಅವನಿಗೆ ಈ ಪ್ರಶ್ನೆ ಹೊಳೆಯಿತು ಅಂತ ನನಗನ್ನಿಸುತ್ತದೆ.

ಅವನ ಯೋಜನೆ ಹೀಗಿತ್ತು. ಶತ್ರುವಿನ ದೂರ ಮತ್ತು ದಿಕ್ಕು ಎರಡನ್ನೂ ಒಟ್ಟಿಗೆ ಅಳೆಯಬೇಕು. ನಮ್ಮ ಹಡಗಿನ ಅಡ್ಡಾದಿಡ್ಡಿ ಚಲನೆಯನ್ನು ಗೈರೋಸ್ಕೋಪ್‌ನಿಂದ (ಹಡಗು ಹೇಗೆ ತಿರುಗಿದರೂ ತನ್ನ ದಿಕ್ಕು ಬಿಡದೆ ಸುತ್ತುವ ಚಕ್ರ) ಕಳೆಯಬೇಕು. ಇಬ್ಬರ ನಿಜವಾದ ದಾರಿಯನ್ನೂ ಕಾಗದದ ಮೇಲೆ ಯಂತ್ರವೇ ಗೀಚಬೇಕು. ಆ ಗೆರೆಯಿಂದ ಶತ್ರುವಿನ ವೇಗ ಮತ್ತು ದಿಕ್ಕು ಸಿಗುತ್ತದೆ, ಕಣ್ಣಳತೆ ಬೇಕಿಲ್ಲ. ಅದನ್ನು ಗಡಿಯಾರಕ್ಕೆ ಕೊಟ್ಟರೆ ಬದಲಾವಣೆಯ ವೇಗ ಬದಲಾಗುತ್ತಿದ್ದರೂ ಅದು ತಾನೇ ಹಿಂಬಾಲಿಸಬೇಕು. ಹೆರಾಲ್ಡ್ ಇಶರ್‌ವುಡ್ ಎಂಬ ವಿನ್ಯಾಸಕಾರನ ಜೊತೆ ಸೇರಿ ಅವನು ಮಾಡಿದ ಆರ್ಗೋ ಗಡಿಯಾರ ಹಾಗೇ ಕೆಲಸ ಮಾಡುತ್ತಿತ್ತು. ಲಾರ್ಡ್ ಕೆಲ್ವಿನ್ ಮತ್ತು ಅವರ ಅಣ್ಣ ಜೇಮ್ಸ್ ಥಾಮ್ಸನ್ 1876ರಲ್ಲೇ ತೋರಿಸಿದ್ದ ತತ್ವ ಇದರ ಬೆನ್ನೆಲುಬು: ಒಂದೇ ವೇಗದಲ್ಲಿ ತಿರುಗುವ ತಟ್ಟೆಯ ಮೇಲೆ ಒಂದು ಗೋಲಿ ಉರುಳುತ್ತದೆ. ಅದನ್ನು ನಡುವಿನಿಂದ ಅಂಚಿಗೆ ಸರಿಸಿದಂತೆ ಅದು ತಿರುಗಿಸುವ ಉರುಳೆಯ ವೇಗ ಜಾಸ್ತಿಯಾಗುತ್ತದೆ. ಸರಿಸುವುದನ್ನು ಇನ್ನೊಂದು ಯಂತ್ರ ಮಾಡಿದರೆ ಇಂಟಿಗ್ರೇಷನ್, ಅಂದರೆ ಬದಲಾಗುವ ವೇಗವನ್ನು ಕೂಡಿಸುತ್ತಾ ಹೋಗಿ ದೂರ ಪಡೆಯುವ ಲೆಕ್ಕ, ತಾನಾಗಿ ನಡೆಯುತ್ತದೆ. ನೀವು ಇದನ್ನು ಕಂಪ್ಯೂಟರ್ ಅಂದರೆ ನನ್ನ ತಕರಾರಿಲ್ಲ.

ಅದಕ್ಕೆ ಎದುರಾಳಿ ಫ್ರೆಡರಿಕ್ ಡ್ರೇಯರ್, ನೌಕಾಪಡೆಯದೇ ಅಧಿಕಾರಿ. ಅವನ ಯಂತ್ರಕ್ಕೆ ಡ್ರೇಯರ್ ಟೇಬಲ್ ಅಂತ ಹೆಸರು. ನಿಜವಾಗಲೂ ದೊಡ್ಡ ಕಬ್ಬಿಣದ ಮೇಜು, ಸುತ್ತ ಜನ. ಕಾಗದದ ಸುರುಳಿ ನಿಧಾನವಾಗಿ ಚಲಿಸುತ್ತಿರುತ್ತದೆ. ಪ್ರತಿ ದೂರಮಾಪಕದಿಂದ ಬಂದ ದೂರವೂ ಅದರ ಮೇಲೆ ಒಂದು ಚುಕ್ಕೆಯಾಗಿ ಬೀಳುತ್ತದೆ. ಚುಕ್ಕೆಗಳ ನಡುವೆ ಒಂದು ಗೆರೆ ಹೊಂದಿಸಿದರೆ ಅದರ ಓರೆಯೇ ಬದಲಾವಣೆಯ ವೇಗ. ದಿಕ್ಕಿಗೆ ಬೇರೆಯೇ ಕಾಗದ. ನಡುವೆ ಒಂದು ಡ್ಯುಮರೆಸ್ಕ್, ಪಕ್ಕದಲ್ಲಿ ಗಡಿಯಾರ, ಎಲ್ಲ ಒಂದಕ್ಕೊಂದು ಜೋಡಣೆ.

ಇದು ನಡೆಯುತ್ತಿದ್ದುದು ಹಡಗಿನ ಹೊಟ್ಟೆಯಲ್ಲಿ, ಉಕ್ಕಿನ ಕವಚದ ಕೆಳಗಿನ ಒಂದು ಕೋಣೆಯಲ್ಲಿ. ಅಲ್ಲಿದ್ದವರಿಗೆ ಶತ್ರುವೂ ಕಾಣುವುದಿಲ್ಲ, ಸಮುದ್ರವೂ ಕಾಣುವುದಿಲ್ಲ. ಮಾತಿನ ಕೊಳವೆ, ದೂರವಾಣಿ, ಟಕಟಕ ಅನ್ನುವ ವಿದ್ಯುತ್ ಮುಳ್ಳುಗಳು ಅಷ್ಟೇ. ಒಬ್ಬ ಚುಕ್ಕೆ ಇಡಬೇಕು, ಒಬ್ಬ ಗೆರೆ ಹೊಂದಿಸಬೇಕು, ಒಬ್ಬ ಸಂಖ್ಯೆ ನೋಡಿ ಚಕ್ರ ತಿರುಗಿಸಬೇಕು. ಯಾರೂ ಲಯ ತಪ್ಪುವ ಹಾಗಿಲ್ಲ. ಈ ಕೆಲಸಕ್ಕೆ ಬ್ರಿಟಿಷರು ಬಳಸುತ್ತಿದ್ದುದು ಹಡಗಿನ ವಾದ್ಯಗಾರರನ್ನು, ರಾಯಲ್ ಮರೀನ್ಸ್ ಬ್ಯಾಂಡಿನವರನ್ನು. ಯುದ್ಧದ ಹೊತ್ತಿನಲ್ಲಿ ಅವರಿಗೆ ಬೇರೆ ಕೆಲಸ ಇರಲಿಲ್ಲ ಅನ್ನುವುದೂ ಒಂದು ಕಾರಣ.

ಲೆಕ್ಕ ಸರಿಯಾದರೂ ಹತ್ತು ಫಿರಂಗಿಗಳ ಹತ್ತು ಗುರಿಕಾರರು ಹೊಗೆ, ನೀರಿನ ಸಿಡಿತದ ನಡುವೆ ಬೇರೆಬೇರೆ ಹೊತ್ತಿನಲ್ಲಿ ಬೇರೆಬೇರೆ ಕಡೆ ಹೊಡೆದರೆ ಏನು ಬಂತು? 12 ಇಂಚಿನ ಟರೆಟ್ಟನ್ನು (ಫಿರಂಗಿಗಳನ್ನು ಹೊತ್ತು ತಿರುಗುವ ಉಕ್ಕಿನ ಗೂಡು) ಸಿಲ್ಲಾದ ಚಿಕ್ಕ ಫಿರಂಗಿಯಂತೆ ಓಲಾಟಕ್ಕೆ ಸರಿಯಾಗಿ ಕುಣಿಸಲೂ ಆಗುವುದಿಲ್ಲ. ಇಲ್ಲಿ ಸ್ಕಾಟ್ ಮತ್ತೆ ಬರುತ್ತಾನೆ. ಕಂಬದ ಮೇಲೆ, ಹೊಗೆಯಿಂದ ಎತ್ತರದಲ್ಲಿ, ಒಬ್ಬನೇ ಗುರಿಕಾರ, ಒಂದೇ ದುರ್ಬೀನು. ಅದರ ಕೋನ ವಿದ್ಯುತ್ತಿನಲ್ಲಿ ಎಲ್ಲ ಟರೆಟ್ಟಿಗೂ ಹೋಗುತ್ತದೆ. ಟರೆಟ್ಟಿನವರು ಹೊರಗೆ ನೋಡಲೇಬೇಕಾಗಿಲ್ಲ, ಎದುರಿನ ಮುಳ್ಳಿಗೆ ತಮ್ಮ ಮುಳ್ಳನ್ನು ಹೊಂದಿಸಿದರೆ ಸಾಕು. ಮೇಲಿನವನು ಒಂದು ಕುದುರೆ ಎಳೆದರೆ ಎಲ್ಲ ಫಿರಂಗಿಯೂ ಒಟ್ಟಿಗೆ ಹಾರುತ್ತವೆ. ಇದಕ್ಕೆ ಡೈರೆಕ್ಟರ್ ಅಂತ ಹೆಸರು.

1912ರ ನವೆಂಬರ್ 13ರಂದು ಪರೀಕ್ಷೆ ನಡೆಯಿತು. 'ಥಂಡರರ್' ಹಡಗಿಗೆ ಡೈರೆಕ್ಟರ್, ಅದರ ಜೋಡಿ 'ಓರಿಯನ್' ಹಳೆಯ ಪದ್ಧತಿ. ದೂರ 9,000 ಗಜ, ಸಮಯ ಮೂರು ನಿಮಿಷ. ಥಂಡರರ್ 39 ಗುಂಡು ಹಾರಿಸಿ 13 ನೇರ ತಾಗಿಸಿತು. ಓರಿಯನ್ 27 ಹಾರಿಸಿ 2. ಇಷ್ಟಾದ ಮೇಲೂ ಗೊಣಗಿದವರಿದ್ದರು. ನನ್ನ ಲೆಕ್ಕದಲ್ಲಿ, ಆ ಕಾಲದ ಎಲ್ಲ ಸಾಧನಗಳಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಇದೇ. ಪೋಲೆನ್, ಡ್ರೇಯರ್ ಜಗಳದಲ್ಲಿ ಜನ ಇದನ್ನು ಮರೆಯುತ್ತಾರೆ.

ಕೊನೆಯ ತಿದ್ದುಪಡಿ ಮಾತ್ರ ಮನುಷ್ಯನ ಕಣ್ಣಿನದೇ. ನಾಲ್ಕೈದು ಗುಂಡು ಒಟ್ಟಿಗೆ ಹಾರಿಸಿ, ನೀರಿನ ಕಂಬ ಶತ್ರುವಿನ ಆಚೆ ಎದ್ದರೆ ದೂರ ತಗ್ಗಿಸುವುದು, ಈಚೆ ಎದ್ದರೆ ಹೆಚ್ಚಿಸುವುದು. ಒಂದು ಆಚೆ ಒಂದು ಈಚೆ ಬಿದ್ದರೆ ದೂರ ಸಿಕ್ಕಂತೆ, ಆಗ ಬೇಗಬೇಗ ಹೊಡೆಯುವುದು. ಕೇಳಲು ಸುಲಭ. 1915ರ ಜನವರಿಯಲ್ಲಿ ಉತ್ತರ ಸಮುದ್ರದ ಡಾಗರ್ ಬ್ಯಾಂಕ್ ಕಾಳಗದಲ್ಲಿ ಬ್ರಿಟಿಷರ 'ಟೈಗರ್' ಹಡಗಿನವರು ಪಕ್ಕದ 'ಲಯನ್' ಎಬ್ಬಿಸಿದ ನೀರಿನ ಕಂಬಗಳನ್ನು ತಮ್ಮವೇ ಅಂದುಕೊಂಡರು. ತಮ್ಮ ಗುಂಡುಗಳು ಶತ್ರುವಿನಿಂದ 3,000 ಗಜ ಆಚೆ ಬೀಳುತ್ತಿದ್ದುದು ಅವರಿಗೆ ಗೊತ್ತೇ ಆಗಲಿಲ್ಲ.

ನಮ್ಮ ಕಡೆಯವರಿಗೆ ಪರಿಚಯದ ಜರ್ಮನ್ ಹಡಗು 'ಎಂಡೆನ್'. 1914ರ ಸೆಪ್ಟೆಂಬರ್ 22ರ ರಾತ್ರಿ ಅದು ಮದರಾಸಿನ ಮೇಲೆ ನೂರಕ್ಕೂ ಹೆಚ್ಚು ಗುಂಡು ಹಾರಿಸಿ ಬರ್ಮಾ ಆಯಿಲ್ ಕಂಪನಿಯ ತೈಲದ ತೊಟ್ಟಿಗಳಿಗೆ ಬೆಂಕಿ ಹಚ್ಚಿತು. ಅಲ್ಲಿ ಈ ಲೆಕ್ಕ ಯಾವುದೂ ಬೇಕಿರಲಿಲ್ಲ: ಮೂರು ಕಿಲೋಮೀಟರ್ ಒಳಗಿನ ದೂರ, ಅಲ್ಲಾಡದ ಗುರಿ. ಆದರೆ ನವೆಂಬರ್ 9ರಂದು ಕೋಕೋಸ್ ದ್ವೀಪಗಳ ಬಳಿ ಆಸ್ಟ್ರೇಲಿಯಾದ 'ಸಿಡ್ನಿ' ಎದುರಾದಾಗ ಎಂಡೆನ್ 10,000 ಗಜಕ್ಕೂ ದೂರದಿಂದಲೇ ಬೇಗ ದೂರ ಹಿಡಿದು ತಾಗಿಸಿತು, ಸಿಡ್ನಿಯ ದೂರಮಾಪಕವನ್ನೇ ಕೆಡಿಸಿತು. ಸಿಡ್ನಿಯ ಫಿರಂಗಿಗಳು ದೊಡ್ಡವು, ಹಡಗೂ ವೇಗದ್ದು, ಹಾಗಾಗಿ ಕೊನೆಗೆ ಅದೇ ಗೆದ್ದಿತು. ಚೆನ್ನಾಗಿ ಪಳಗಿದ ಸಿಬ್ಬಂದಿ ಸರಳ ಸಾಧನದಲ್ಲೂ ಏನು ಮಾಡಬಹುದು ಅನ್ನುವುದಕ್ಕೆ ಎಂಡೆನ್ ಸಾಕ್ಷಿ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಪೋಲೆನ್‌ನ ಯಂತ್ರವನ್ನು ನೌಕಾಪಡೆ ಪೂರ್ತಿ ತಳ್ಳಲಿಲ್ಲ. ಕೆಲವನ್ನು ಕೊಂಡಿತು. 1912ರಲ್ಲಿ ಸಂಬಂಧ ಕಡಿದುಕೊಂಡು ಹೆಚ್ಚಿನ ಹಡಗುಗಳಿಗೆ ಡ್ರೇಯರ್ ಟೇಬಲ್ ಹಾಕಿಸಿತು. ಪೋಲೆನ್‌ಗೆ ಅನ್ಯಾಯ ಆಯಿತಾ? ಆಯಿತು ಅಂತಲೇ ನನ್ನ ಅಭಿಪ್ರಾಯ. 1908ರ ಆರಂಭದಲ್ಲಿ 'ಏರಿಯಾಡ್ನಿ' ಹಡಗಿನಲ್ಲಿ ಅವನ ಯಂತ್ರದ ಪರೀಕ್ಷೆಗೆ ತೀರ್ಪುಗಾರನಾಗಿ ಬಂದ ಅಡ್ಮಿರಲ್ ವಿಲ್ಸನ್, ಡ್ರೇಯರ್‌ನ ನೆರವಿನಿಂದ ತಾನೇ ಒಂದು ಎದುರು ಪದ್ಧತಿ ತಂದು ಸ್ಪರ್ಧೆಗೆ ನಿಂತ. ತೀರ್ಪು ಕೊಡುವವನೇ ಆಟಗಾರ. ಯುದ್ಧ ಮುಗಿದ ಮೇಲೆ, 1925ರಲ್ಲಿ, ಆವಿಷ್ಕಾರಗಳಿಗೆ ಬಹುಮಾನ ಕೊಡುವ ಸರ್ಕಾರಿ ಆಯೋಗ ಪೋಲೆನ್‌ಗೆ 30,000 ಪೌಂಡ್ ಕೊಟ್ಟಿತು.

ಆದರೆ ಅನ್ಯಾಯ ಆಯಿತು ಅನ್ನುವುದು ಬೇರೆ, ಅದರಿಂದಲೇ ಜಟ್‌ಲ್ಯಾಂಡ್‌ನಲ್ಲಿ ಹಡಗು ಹೋದವು ಅನ್ನುವುದು ಬೇರೆ. 1916ರ ಮೇ 31ರಂದು ಸ್ಫೋಟಿಸಿ ಮುಳುಗಿದ 'ಕ್ವೀನ್ ಮೇರಿ'ಯಲ್ಲಿ ಆರ್ಗೋ ಗಡಿಯಾರ ಇತ್ತು. 1,200ಕ್ಕೂ ಹೆಚ್ಚು ಜನ ಸತ್ತರು. ಆ ದಿನ ಮೂರು ಬ್ರಿಟಿಷ್ ಬ್ಯಾಟಲ್‌ಕ್ರೂಸರ್‌ಗಳು (ದೊಡ್ಡ ಫಿರಂಗಿ, ತೆಳು ಕವಚದ ವೇಗದ ಯುದ್ಧನೌಕೆಗಳು) ಸಿಡಿದದ್ದು ಲೆಕ್ಕ ತಪ್ಪಿ ಅಲ್ಲ. ಬೇಗ ಹೊಡೆಯುವ ಆತುರದಲ್ಲಿ ಮದ್ದಿನ ಚೀಲಗಳನ್ನು ಹೊರಗೆ ರಾಶಿ ಹಾಕಿ, ಬೆಂಕಿ ತಡೆಯುವ ಬಾಗಿಲುಗಳನ್ನು ತೆರೆದಿಟ್ಟುಕೊಂಡದ್ದಕ್ಕೆ. ಇನ್ನೊಂದು ಕಡೆ, ಡ್ರೇಯರ್ ಟೇಬಲ್ ಇದ್ದ 'ಐರನ್ ಡ್ಯೂಕ್', ಅದರ ಕ್ಯಾಪ್ಟನ್ ಸಾಕ್ಷಾತ್ ಡ್ರೇಯರೇ, ಸುಮಾರು 12,000 ಗಜ ದೂರದಿಂದ ಐದು ನಿಮಿಷದೊಳಗೆ ಜರ್ಮನರ 'ಕೋನಿಗ್' ಹಡಗಿಗೆ ಏಳು ಸಲ ತಾಗಿಸಿತು. ಕ್ವೀನ್ ಎಲಿಜಬೆತ್ ಜಾತಿಯವು 19,000 ಗಜದ ಹತ್ತಿರದಲ್ಲೂ ತಾಗಿಸಿದವು.

ಕೆಟ್ಟದಾಗಿ ಹೊಡೆದದ್ದು ಬ್ರಿಟಿಷ್ ಅಡ್ಮಿರಲ್ ಬೀಟಿಯ ಬ್ಯಾಟಲ್‌ಕ್ರೂಸರ್‌ಗಳು. ಆರಂಭದಲ್ಲಿ ಶತ್ರು ಇದ್ದದ್ದಕ್ಕಿಂತ ಸುಮಾರು ಎರಡು ಸಾವಿರ ಗಜ ದೂರ ಇದ್ದಾನೆ ಅಂದುಕೊಂಡರು, ಗುಂಡುಗಳು ತಲೆ ಮೇಲೆ ಹಾರಿ ಹೋದವು. ಅವರ ಹಡಗುಗಳು ಪಶ್ಚಿಮದ ಬೆಳಕಿಗೆ ಎದುರಾಗಿ ಸ್ಪಷ್ಟವಾಗಿ ಕಾಣುತ್ತಿದ್ದವು, ಜರ್ಮನರು ಮಬ್ಬಿನಲ್ಲಿದ್ದರು. ಜೊತೆಗೆ ಅವರು ನೆಲೆಸಿದ್ದ ಸ್ಕಾಟ್ಲೆಂಡಿನ ರೋಸಿಥ್‌ನಲ್ಲಿ ಗುರಿ ಅಭ್ಯಾಸಕ್ಕೆ ಅನುಕೂಲ ಕಮ್ಮಿ. ಅಭ್ಯಾಸಕ್ಕೆಂದೇ ಇನ್ನೂ ಉತ್ತರದ ಸ್ಕಾಪಾ ಫ್ಲೋ ನೆಲೆಗೆ ಕಳಿಸಿದ್ದ ಮೂರು ಬ್ಯಾಟಲ್‌ಕ್ರೂಸರ್‌ಗಳು ಅದೇ ಸಂಜೆ ಚೆನ್ನಾಗಿ ಹೊಡೆದವು, 'ಇನ್‌ವಿನ್ಸಿಬಲ್' ತಾನು ಸಿಡಿಯುವ ಮೊದಲು ಜರ್ಮನರ 'ಲ್ಯುಟ್ಸೋ' ಹಡಗಿಗೆ ಹಲವು ಸಲ ತಾಗಿಸಿತ್ತು. ಆರ್ಗೋ ಗಡಿಯಾರ ಎಲ್ಲ ಹಡಗಿನಲ್ಲೂ ಇದ್ದಿದ್ದರೆ? ವೇಗವಾಗಿ ದೂರ ಬದಲಾಗುವ ಕಾಳಗದಲ್ಲಿ ಅನುಕೂಲ ಆಗುತ್ತಿತ್ತು, ಅನುಮಾನವಿಲ್ಲ. ಆದರೆ ಒಳಗೆ ಹಾಕಿದ ದೂರವೇ ಎರಡು ಸಾವಿರ ಗಜ ತಪ್ಪಿದ್ದರೆ ಎಂಥ ಗಡಿಯಾರವೂ ಏನು ಮಾಡೀತು? ಅಮೆರಿಕದ ಹ್ಯಾನಿಬಲ್ ಫೋರ್ಡ್ 1916ರ ಸುಮಾರಿಗೆ 'ಟೆಕ್ಸಾಸ್' ಹಡಗಿಗೆ ಹಾಕಿಕೊಟ್ಟ ರೇಂಜ್‌ಕೀಪರ್ ಯಂತ್ರ ಪೋಲೆನ್ ಹಾದಿಯದೇ. ಅದರ ವಂಶದ ಯಂತ್ರಗಳು ಎರಡನೆಯ ಮಹಾಯುದ್ಧದವರೆಗೂ ದುಡಿದವು. ದಾರಿಯ ಮಟ್ಟಿಗೆ ಪೋಲೆನ್ ಸರಿ.

ಉಳಿದದ್ದು ಭೂಮಿ ತಿರುಗುವ ಕಥೆ. 1914ರ ಡಿಸೆಂಬರ್ 8ರಂದು ದಕ್ಷಿಣ ಅಟ್ಲಾಂಟಿಕ್ ಸಾಗರದ ಫಾಕ್‌ಲ್ಯಾಂಡ್ ದ್ವೀಪಗಳ ಹತ್ತಿರ ಇನ್‌ವಿನ್ಸಿಬಲ್ ಮತ್ತು 'ಇನ್‌ಫ್ಲೆಕ್ಸಿಬಲ್' ಸೇರಿ 1,174 ದೊಡ್ಡ ಗುಂಡು ಹಾರಿಸಿ ಎರಡು ಜರ್ಮನ್ ಹಡಗುಗಳನ್ನು ಮುಳುಗಿಸಿದವು. ಗುಂಡು ಬೇಕಾದಷ್ಟು ವ್ಯರ್ಥವಾಯಿತು. ಭೂಮಿ ತಿರುಗುವುದರಿಂದ ಹಾರುವ ಗುಂಡು ಉತ್ತರ ಗೋಳಾರ್ಧದಲ್ಲಿ ಬಲಕ್ಕೆ, ದಕ್ಷಿಣದಲ್ಲಿ ಎಡಕ್ಕೆ ಸರಿಯುತ್ತದೆ. ಫಿರಂಗಿಗಳಲ್ಲಿ ಉತ್ತರ ಗೋಳಾರ್ಧದ ತಿದ್ದುಪಡಿ ಇತ್ತು, ದಕ್ಷಿಣದಲ್ಲಿ ಅದು ಉಲ್ಟಾ ಆಗಿ ಗುಂಡುಗಳು ನೂರು ಗಜ ಎಡಕ್ಕೆ ಬಿದ್ದವು ಅಂತ ಭೌತವಿಜ್ಞಾನದ ತರಗತಿಗಳಲ್ಲಿ ಹೇಳುವುದುಂಟು. ನೀವೇ ಲೆಕ್ಕ ಮಾಡಿ. ಭೂಮಿಯ ಕೋನೀಯ ವೇಗ ಸೆಕೆಂಡಿಗೆ 0.000073 ರೇಡಿಯನ್, ಅಕ್ಷಾಂಶ 52 ಡಿಗ್ರಿ, ದೂರ 12,000 ಮೀಟರ್, ಹಾರುವ ಸಮಯ 25 ಸೆಕೆಂಡ್. ಮೊದಲನೆಯದನ್ನು ಅಕ್ಷಾಂಶದ ಸೈನ್‌ನಿಂದ ಗುಣಿಸಿ, ಆಮೇಲೆ ದೂರ ಮತ್ತು ಸಮಯದಿಂದ. ಉತ್ತರ ಸುಮಾರು 17 ಮೀಟರ್. ತಿದ್ದುಪಡಿ ಉಲ್ಟಾ ಇದ್ದರೆ ಎರಡರಷ್ಟು, 35 ಮೀಟರ್. ಎದುರಿದ್ದ 'ಷಾರ್ನ್‌ಹೋರ್ಸ್ಟ್' 144 ಮೀಟರ್ ಉದ್ದದ ಹಡಗು, ಮಧ್ಯಕ್ಕೆ ಗುರಿ ಇಟ್ಟರೆ ಎರಡೂ ಕಡೆ 70 ಮೀಟರ್ ಇರುತ್ತದೆ. ಪಕ್ಕ ಬದಿಯಿಂದ ನೋಡುವಾಗ 35 ಮೀಟರ್ ತಪ್ಪಿದರೂ ಹಡಗಿಗೇ ತಾಗುತ್ತದೆ. ಅದಕ್ಕಿಂತ ಮುಖ್ಯ, ಆಗಿನ ಬ್ರಿಟಿಷ್ ಗುರಿಸಾಧನಗಳಲ್ಲಿ ಇದ್ದದ್ದು ತಿರುಗುವ ಗುಂಡು ತಾನಾಗಿ ಬಲಕ್ಕೆ ಸರಿಯುವುದಕ್ಕೆ ಮಾಡಿದ ತಿದ್ದುಪಡಿ. ಅದಕ್ಕೆ ಗೋಳಾರ್ಧದ ಹಂಗಿಲ್ಲ. ಆ ದಿನ ಗುಂಡು ವ್ಯರ್ಥವಾದದ್ದಕ್ಕೆ ಕಾರಣ ಹುಡುಕಲು ಅಷ್ಟು ದೂರ ಹೋಗುವುದೇ ಬೇಡ. ಹಡಗಿನ ಚಿಮಣಿಗಳ ಕಲ್ಲಿದ್ದಲ ಹೊಗೆ ತಮ್ಮದೇ ಗುರಿಕಾರರ ಕಣ್ಣಿಗೆ ಅಡ್ಡ ಬಂದಿತ್ತು.